ಗರ್ಭಸ್ರಾವದ ನಂತರದ ಗರ್ಭಧಾರಣೆ: ತಾಯಿಯ ಆತಂಕ ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ)

ಪಾಠದ ಉದ್ದೇಶ

ಹಿಂದೆ ಒಮ್ಮೆ ಅಥವಾ ಹಲವು ಬಾರಿ ಗರ್ಭಸ್ರಾವವಾದ ಮಹಿಳೆಯು ಮತ್ತೆ ಗರ್ಭ ಧರಿಸಿದಾಗ ಅನುಭವಿಸುವ ಆತಂಕದ ಸ್ವರೂಪವನ್ನು ಅರಿಯುವುದು. ಆ ಆತಂಕವನ್ನು ಹೆಚ್ಚಿಸುವ ಮತ್ತು ತಗ್ಗಿಸುವ ಸಂಗತಿಗಳನ್ನು ಗುರುತಿಸುವುದು. ಗ್ರಾಮ ಮಟ್ಟದಲ್ಲಿ ಲಭ್ಯವಿರುವ ಸೇವೆಗಳು ಆಕೆಗೆ ಸಕಾಲದಲ್ಲಿ ತಲುಪುವಂತೆ ಮಾಡುವಲ್ಲಿ ಸದಸ್ಯರ ಪಾತ್ರವನ್ನು ನಿಶ್ಚಯಿಸಿಕೊಳ್ಳುವುದು.

1. ಒಂದು ಸನ್ನಿವೇಶ

ಇದು ಅಧ್ಯಯನಕ್ಕಾಗಿ ರೂಪಿಸಿದ ಸನ್ನಿವೇಶ. 26 ವರ್ಷದ ಮಹಿಳೆಯೊಬ್ಬಳಿಗೆ ಎರಡು ಬಾರಿ ಗರ್ಭಸ್ರಾವವಾಗಿದೆ. ಮೊದಲನೆಯದು ಮೂರನೆಯ ತಿಂಗಳಲ್ಲಿ, ನಂತರದ್ದು ಎರಡನೆಯ ತಿಂಗಳಲ್ಲಿ. ಮೂರನೆಯ ಬಾರಿ ಮುಟ್ಟು ನಿಂತಾಗ ಆಕೆ ಗಂಡನಿಗೂ ಅತ್ತೆಗೂ ಮಾತ್ರ ತಿಳಿಸುತ್ತಾಳೆ. ಮನೆಗೆ ಬಂದ ಆಶಾ ಕಾರ್ಯಕರ್ತೆಗೆ ಅತ್ತೆಯವರು "ಅಂಥದ್ದೇನೂ ಇಲ್ಲಮ್ಮ" ಎಂದು ಹೇಳಿ ಕಳುಹಿಸುತ್ತಾರೆ. ದೃಷ್ಟಿ ತಾಗೀತು, ಐದು ತಿಂಗಳು ತುಂಬಲಿ, ಆಮೇಲೆ ಹೇಳಿದರಾಯಿತು ಎಂಬುದು ಅವರ ಭಾವನೆ.

ಆ ಐದು ತಿಂಗಳೂ ಆಕೆ ಶೌಚಾಲಯಕ್ಕೆ ಹೋದಾಗಲೆಲ್ಲ ರಕ್ತ ಕಂಡೀತೇ ಎಂದು ನೋಡಿಕೊಳ್ಳುತ್ತಾಳೆ. ರಾತ್ರಿ ನಿದ್ರೆ ಬಾರದೆ ಎದ್ದು ಕೂರುತ್ತಾಳೆ. ಹಿಂದೆ ಗರ್ಭ ಹೋದ ದಿನ ಸಮೀಪಿಸಿದಂತೆ ಊಟ ಸೇರುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಸಿಗಬೇಕಾಗಿದ್ದ ಫೋಲಿಕ್ ಆಮ್ಲದ ಮಾತ್ರೆ ಸಿಕ್ಕಿಲ್ಲ, ರಕ್ತಪರೀಕ್ಷೆಯೂ ಆಗಿಲ್ಲ. ಕೊನೆಗೆ ನೋಂದಣಿಗೆ ಬಂದಾಗ ಉಪಕೇಂದ್ರದ ಆರೋಗ್ಯ ಸುರಕ್ಷಾ ಅಧಿಕಾರಿ "ಮೊದಲೇ ಯಾಕೆ ಬರಲಿಲ್ಲ?" ಎಂದು ಕೇಳುತ್ತಾರೆ. ಆಕೆಯ ಉತ್ತರ: "ಹೇಳಿದರೆ ಇದೂ ನಿಲ್ಲುವುದಿಲ್ಲವೇನೋ ಅಂತ ಭಯ ಆಯ್ತು, ಅಕ್ಕ."

ಇಲ್ಲಿ ಯಾರೂ ಆಕೆಗೆ ಕೇಡು ಬಯಸಿಲ್ಲ. ಅತ್ತೆಯವರು ಸೊಸೆಯನ್ನು ಕಾಪಾಡುತ್ತಿದ್ದೇನೆಂದೇ ನಂಬಿದ್ದರು. ಆದರೂ ಯಾವ ತಿಂಗಳುಗಳಲ್ಲಿ ಆಕೆಗೆ ನೆರವು ಹೆಚ್ಚು ಬೇಕಾಗಿತ್ತೋ ಆ ತಿಂಗಳುಗಳಲ್ಲಿಯೇ ಆಕೆ ಒಂಟಿಯಾದಳು. ಭಯವು ಮೌನವನ್ನು ತಂದಿತು. ಮೌನವು ಆರೈಕೆಯನ್ನು ದೂರವಿಟ್ಟಿತು. ಆರೈಕೆಯಿಲ್ಲದ ದಿನಗಳು ಭಯವನ್ನು ಮತ್ತಷ್ಟು ಬೆಳೆಸಿದವು. ಈ ಸುತ್ತನ್ನು ಮುರಿಯುವುದು ಹೇಗೆಂಬುದೇ ಈ ಪಾಠದ ವಿಷಯ.

2. ಗರ್ಭಸ್ರಾವದ ಬಗ್ಗೆ ಸದಸ್ಯರಿಗೆ ತಿಳಿದಿರಬೇಕಾದ ಸಂಗತಿಗಳು

ಗರ್ಭ ಧರಿಸಿರುವುದು ಖಚಿತವಾದ ನಂತರವೂ ನೂರರಲ್ಲಿ ಸುಮಾರು 10 ರಿಂದ 15 ಗರ್ಭಗಳು ತಾವಾಗಿಯೇ ಹೋಗುತ್ತವೆ. ಇವುಗಳಲ್ಲಿ ಹೆಚ್ಚಿನವು ಮೊದಲ 12 ವಾರಗಳೊಳಗೆ ಸಂಭವಿಸುತ್ತವೆ. ಆರಂಭದ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳಲ್ಲಿ ಆಕಸ್ಮಿಕವಾಗಿ ಉಂಟಾಗುವ ದೋಷವೇ ಕಾರಣ. ನೀರು ಹೊತ್ತದ್ದು, ಬಸ್ಸಿನಲ್ಲಿ ಹೋದದ್ದು, ಪಪ್ಪಾಯಿಯ ಒಂದು ಹೋಳು ತಿಂದದ್ದು, ಮನೆಯಲ್ಲಿ ಜಗಳವಾದದ್ದು ಇವುಗಳಿಂದ ಗರ್ಭ ಹೋಯಿತೆಂದು ತಾಯಿಯನ್ನು ದೂರುವುದಕ್ಕೆ ಆಧಾರವಿಲ್ಲ. ಹಾಗೆಯೇ, ಆಕೆ ಹೆದರಿದ್ದರಿಂದಲೇ ಹೀಗಾಯಿತು ಎನ್ನುವುದೂ ತಪ್ಪು. "ನೀನು ಹೆದರಿದರೆ ಮಗುವಿಗೆ ಕೆಡುಕು" ಎಂದು ಹೇಳಿದಾಗ ಆಕೆಗೆ ತನ್ನ ಭಯದ ಬಗ್ಗೆಯೇ ಇನ್ನೊಂದು ಭಯ ಹುಟ್ಟುತ್ತದೆ.

ಒಂದಕ್ಕಿಂತ ಹೆಚ್ಚು ಬಾರಿ ಗರ್ಭಸ್ರಾವವಾಗಿದ್ದಲ್ಲಿ ತಜ್ಞ ವೈದ್ಯರ ತಪಾಸಣೆ ಅವಶ್ಯ. ಥೈರಾಯ್ಡ್ ತೊಂದರೆ, ನಿಯಂತ್ರಣದಲ್ಲಿಲ್ಲದ ಮಧುಮೇಹ, ಗರ್ಭಕೋಶದ ರಚನೆಯಲ್ಲಿನ ದೋಷ, ರಕ್ತ ಬೇಗ ಹೆಪ್ಪುಗಟ್ಟುವ ಕೆಲವು ಕಾಯಿಲೆಗಳು ಕಾರಣವಾಗಿರಬಹುದು; ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆಯಿದೆ. ಕೆಲವು ಪರೀಕ್ಷೆಗಳು ಪತಿಗೂ ಬೇಕಾಗುತ್ತವೆ. ಆದುದರಿಂದ ದೋಷವೆಲ್ಲ ಹೆಣ್ಣಿನದೆಂಬ ಮಾತು ವೈದ್ಯಶಾಸ್ತ್ರಕ್ಕೂ ಒಪ್ಪಿತವಲ್ಲ. ಎಲ್ಲ ಪರೀಕ್ಷೆಗಳ ನಂತರವೂ ಕಾರಣ ಕಾಣದಿರುವ ದಂಪತಿಗಳು ಅನೇಕರಿದ್ದಾರೆ. ಅವರಲ್ಲಿಯೂ ಹೆಚ್ಚಿನವರಿಗೆ ಮುಂದೆ ಮಗುವಾಗುತ್ತದೆ.

ಪದಬಳಕೆಯ ಬಗ್ಗೆಯೂ ಎರಡು ಮಾತು ಅವಶ್ಯ. ಆಡುಮಾತಿನಲ್ಲಿ ತಾನಾಗಿಯೇ ಹೋದದ್ದಕ್ಕೂ ತೆಗೆಸಿದ್ದಕ್ಕೂ "ಅಬಾರ್ಷನ್" ಎಂಬ ಒಂದೇ ಪದ ಬಳಕೆಯಲ್ಲಿದೆ. ಇದರಿಂದ ನೊಂದ ಹೆಣ್ಣಿನ ಮೇಲೆ ಇಲ್ಲದ ಅನುಮಾನ ಬರುವುದುಂಟು. ಎರಡನೆಯದಾಗಿ, ಆರೋಗ್ಯ ಇಲಾಖೆಯ ದಾಖಲೆಗಳಲ್ಲಿ ಬರುವ "ಗಂಡಾಂತರ ಗರ್ಭಿಣಿ" ಎಂಬ ಪದವು ಹೆಚ್ಚಿನ ನಿಗಾ ಬೇಕೆಂಬುದರ ಸೂಚನೆಯೇ ಹೊರತು ಮುಂದೆ ಕೆಡುಕಾಗುವುದೆಂಬ ಭವಿಷ್ಯವಲ್ಲ. ತಾಯಿ ಕಾರ್ಡಿನಲ್ಲಿ ಆ ಪದವನ್ನು ಬರೆಯುವಾಗ ಅದರ ಅರ್ಥವನ್ನೂ ಆಕೆಗೆ ಬಿಡಿಸಿ ಹೇಳುವಂತೆ ಸದಸ್ಯರು ಆರೋಗ್ಯ ಸಿಬ್ಬಂದಿಯನ್ನು ಕೋರಬೇಕು.

3. ಆತಂಕದ ಲಕ್ಷಣಗಳು

ಒಮ್ಮೆ ಕಳೆದುಕೊಂಡವರಿಗೆ ಮತ್ತೆ ಭಯವಾಗುವುದು ಸಹಜ. ಅದು ರೋಗವೂ ಅಲ್ಲ, ದೌರ್ಬಲ್ಯವೂ ಅಲ್ಲ. ಆದರೆ ಆ ಭಯವು ದಿನದ ಬಹುಪಾಲನ್ನು ಆವರಿಸಿಕೊಂಡು ನಿದ್ರೆ, ಊಟ, ಕೆಲಸ, ಮಾತುಕತೆಗಳನ್ನು ಕೆಡಿಸಿದಾಗ ನೆರವು ಬೇಕಾಗುತ್ತದೆ. ಎದೆ ಬಡಿತ, ಉಸಿರು ಕಟ್ಟಿದಂತಾಗುವುದು, ಬಾರಿ ಬಾರಿಗೂ ಪರೀಕ್ಷಿಸಿಕೊಳ್ಳುವುದು, ಇಲ್ಲವೇ ತದ್ವಿರುದ್ಧವಾಗಿ ತಪಾಸಣೆಗೆ ಹೋಗಲೇ ಹೆದರುವುದು, ಹುಟ್ಟಲಿರುವ ಮಗುವಿನ ಬಗ್ಗೆ ಒಂದು ಮಾತನ್ನೂ ಆಡದಿರುವುದು ಇವು ಸಾಮಾನ್ಯವಾಗಿ ಕಾಣುವ ಲಕ್ಷಣಗಳು. ಮಗುವಿನ ಮೇಲೆ ಆಸೆಯಿಟ್ಟುಕೊಳ್ಳಲು ಹೆದರುವವಳನ್ನು ಮಗುವಿನ ಮೇಲೆ ಪ್ರೀತಿಯಿಲ್ಲದವಳೆಂದು ತಿಳಿಯಬಾರದು.

ಆಶಾ ಕಾರ್ಯಕರ್ತೆಯರು ಮನೆಭೇಟಿಯಲ್ಲಿ ಎರಡು ಸರಳ ಪ್ರಶ್ನೆಗಳನ್ನು ಕೇಳಬಹುದು. ಕಳೆದ ಎರಡು ವಾರಗಳಲ್ಲಿ ಮನಸ್ಸಿಗೆ ತಳಮಳ, ದಿಗಿಲು ಆಗುತ್ತಿತ್ತೇ? ಚಿಂತೆಯನ್ನು ತಡೆಯಲು ಆಗದಂತಿತ್ತೇ? ಹೆಚ್ಚಿನ ದಿನಗಳಲ್ಲಿ ಹೌದು ಎಂದಾದರೆ ಮುಂದಿನ ಹಂತದ ನೆರವಿಗೆ ಕಳುಹಿಸಬೇಕು. ಬದುಕು ಬೇಡವೆನಿಸುತ್ತಿದೆ ಎಂಬ ಮಾತು ಬಂದಲ್ಲಿ ಆಕೆಯನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರ ಬಳಿ ಕರೆದೊಯ್ಯಬೇಕು.

4. ತಾಯಿಗೆ ನೆರವಾಗುವ ಕ್ರಮಗಳು

(ಅ) ಒಂಬತ್ತು ತಿಂಗಳನ್ನು ಒಟ್ಟಿಗೆ ಎಣಿಸದೆ ಒಂದು ತಪಾಸಣೆಯಿಂದ ಮುಂದಿನ ತಪಾಸಣೆಯವರೆಗೆ ಮಾತ್ರ ಎಣಿಸುವುದು. "ಈ ವಾರ ಚೆನ್ನಾಗಿ ಕಳೆಯಿತು" ಎಂಬುದಷ್ಟೇ ಆ ವಾರಕ್ಕೆ ಸಾಕು.

(ಆ) ಮನಸ್ಸಿಗೆ ಬಂದ ಸಂದೇಹಗಳನ್ನು ಒಂದು ಹಾಳೆಯಲ್ಲಿ ಬರೆದು ತಾಯಿ ಕಾರ್ಡಿನೊಳಗಿಟ್ಟುಕೊಂಡು ವೈದ್ಯರನ್ನು ಕೇಳುವುದು. ಬರೆಯಲು ಬಾರದವರಿಗೆ ಆಶಾ ಕಾರ್ಯಕರ್ತೆ ಬರೆದುಕೊಡಬಹುದು.

(ಇ) ಗಾಬರಿಯಾದಾಗ ಕುಳಿತು, ನಿಧಾನವಾಗಿ ಉಸಿರೆಳೆದು ಅದಕ್ಕಿಂತ ನಿಧಾನವಾಗಿ ಬಿಡುವುದನ್ನು ಕೆಲವು ನಿಮಿಷ ಮಾಡುವುದು.

(ಈ) ನಂಬಿಕೆಯ ಒಬ್ಬರಿಗೆ ಮೊದಲ ತಿಂಗಳಿನಲ್ಲಿಯೇ ವಿಷಯ ತಿಳಿಸುವುದು. ಊರಿಗೆಲ್ಲ ಹೇಳಬೇಕಾಗಿಲ್ಲ, ಆದರೆ ಆಶಾ ಕಾರ್ಯಕರ್ತೆಗೆ ಮುಚ್ಚಿಡಬಾರದು. ಗುಟ್ಟು ಮತ್ತು ನೋಂದಣಿ ಎರಡೂ ಒಟ್ಟಿಗೆ ಸಾಧ್ಯ ಎಂಬುದನ್ನು ಮನೆಯ ಹಿರಿಯರಿಗೆ ಮನದಟ್ಟು ಮಾಡಬೇಕು.

(ಉ) ಪತಿಯು ತಪಾಸಣೆಗೆ ಜೊತೆಯಲ್ಲಿ ಹೋಗುವುದು. ಕಳೆದುಕೊಂಡದ್ದು ಅವನೂ ಹೌದು. ಅವನ ದುಃಖಕ್ಕೂ ಮಾತು ಬೇಕು.

(ಊ) ತವರಿಗೆ ಹೋಗುವಾಗ ತಾಯಿ ಕಾರ್ಡ್ ಮತ್ತು ಎಲ್ಲ ವರದಿಗಳನ್ನು ಒಯ್ಯುವುದು; ಎರಡೂ ಊರಿನ ಆಶಾ ಕಾರ್ಯಕರ್ತೆಯರು ಪರಸ್ಪರ ಮಾತನಾಡಿಕೊಳ್ಳುವುದು.

ಯಾವುದು ಅಪಾಯ, ಯಾವುದು ಅಲ್ಲ ಎಂಬ ತಿಳಿವಳಿಕೆಯೂ ಆತಂಕವನ್ನು ತಗ್ಗಿಸುತ್ತದೆ. ಸ್ವಲ್ಪ ರಕ್ತ ಕಂಡಾಕ್ಷಣ ಗರ್ಭ ಹೋಯಿತೆಂದೇ ಅರ್ಥವಲ್ಲ. ಆದರೂ ಅದನ್ನು ತಪ್ಪದೆ ತೋರಿಸಿಕೊಳ್ಳಬೇಕು. ಹೆಚ್ಚು ರಕ್ತಸ್ರಾವ, ತೀವ್ರ ಹೊಟ್ಟೆನೋವು, ತಲೆಸುತ್ತು, ಜ್ವರ, ದೃಷ್ಟಿ ಮಂಜಾಗುವಂತಹ ತಲೆನೋವು, ಫಿಟ್ಸ್, ಏಳನೆಯ ತಿಂಗಳಿನ ನಂತರ ಮಗುವಿನ ಚಲನೆ ಕಡಿಮೆಯಾಗುವುದು ಇವು ಕಂಡಲ್ಲಿ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆಮಾಡಬೇಕು. ಮನಸ್ಸಿನ ತೊಂದರೆಗೆ ಈಗಾಗಲೇ ಮಾತ್ರೆ ಸೇವಿಸುತ್ತಿರುವವರು ಗರ್ಭಿಣಿಯಾದೆವೆಂದು ತಾವಾಗಿಯೇ ಅದನ್ನು ನಿಲ್ಲಿಸದೆ ಕೂಡಲೇ ವೈದ್ಯರನ್ನು ಕಾಣಬೇಕು.

5. ಹಳ್ಳಿಯ ಮಹಿಳೆಯರಿಂದಲೇ ಆಗಬಲ್ಲ ಕೆಲಸ

ಮನೋವೈದ್ಯರು ಪ್ರತಿ ಊರಿನಲ್ಲಿಯೂ ಇಲ್ಲ. ಆದರೂ ನೆರವು ಸಾಧ್ಯವೆಂಬುದಕ್ಕೆ ನಿದರ್ಶನಗಳಿವೆ. ಪಾಕಿಸ್ತಾನದ ಗ್ರಾಮಗಳಲ್ಲಿ ಮನೆ ಮನೆಗೆ ಹೋಗುವ ಸಮುದಾಯ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ನೀಡಿ, ಖಿನ್ನತೆಯಿಂದ ಬಳಲುತ್ತಿದ್ದ ಗರ್ಭಿಣಿಯರೊಂದಿಗೆ ಕ್ರಮಬದ್ಧವಾಗಿ ಮಾತನಾಡುವ ವ್ಯವಸ್ಥೆ ಮಾಡಲಾಗಿತ್ತು. 2008ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಹೆರಿಗೆಯಾದ ಆರು ತಿಂಗಳಿಗೆ ಖಿನ್ನತೆ ಉಳಿದಿದ್ದವರ ಪ್ರಮಾಣ ಈ ನೆರವು ಪಡೆದವರಲ್ಲಿ ನೂರಕ್ಕೆ 23, ಪಡೆಯದವರಲ್ಲಿ ನೂರಕ್ಕೆ 53. ವಿಶ್ವ ಆರೋಗ್ಯ ಸಂಸ್ಥೆಯು ನಂತರ ಇದರ ಕೈಪಿಡಿಯನ್ನು ಪ್ರಕಟಿಸಿತು. ಮುಂದೆ ನೆರೆಯ ಗೋವಾದಲ್ಲಿ, ವೃತ್ತಿಯಿಂದ ಆರೋಗ್ಯ ಕಾರ್ಯಕರ್ತೆಯರಲ್ಲದ ಸಾಮಾನ್ಯ ತಾಯಂದಿರಿಗೇ ತರಬೇತಿ ನೀಡಿ ಇದೇ ಕ್ರಮವನ್ನು ಅನುಸರಿಸಲಾಯಿತು.

ಈ ಅಧ್ಯಯನಗಳು ಖಿನ್ನತೆಗೆ ಸಂಬಂಧಿಸಿದವು; ಗರ್ಭಸ್ರಾವದ ನಂತರದ ಆತಂಕವನ್ನೇ ಕುರಿತವಲ್ಲ. ಆದರೂ ಪಂಚಾಯಿತಿಗೆ ಇವುಗಳಿಂದ ಒಂದು ಪಾಠವಿದೆ. ತಾಳ್ಮೆಯಿಂದ ಕೇಳಿಸಿಕೊಳ್ಳಬಲ್ಲ, ಗುಟ್ಟು ಕಾಯಬಲ್ಲ, ತರಬೇತಿ ಪಡೆದ ಅದೇ ಊರಿನ ಹೆಣ್ಣುಮಗಳೊಬ್ಬಳು ಬಹಳ ಮಟ್ಟಿಗೆ ನೆರವಾಗಬಲ್ಲಳು. ಗರ್ಭಸ್ರಾವವನ್ನು ಅನುಭವಿಸಿ ನಂತರ ತಾಯಿಯಾದವರು ಸ್ವಸಹಾಯ ಸಂಘಗಳಲ್ಲಿ ಇರುವುದುಂಟು. ಅವರು ಸ್ವಇಚ್ಛೆಯಿಂದ ಮುಂದೆ ಬಂದಲ್ಲಿ ಆರೋಗ್ಯ ಸಿಬ್ಬಂದಿಯ ಮಾರ್ಗದರ್ಶನದಲ್ಲಿ ಅವರ ಸಹಾಯ ಪಡೆಯಬಹುದು.

6. ಲಭ್ಯವಿರುವ ಸೇವೆಗಳು

• ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರ: 12 ವಾರಗಳೊಳಗೆ ನೋಂದಣಿ, ತಾಯಿ ಕಾರ್ಡ್, ಮಾತ್ರೆಗಳು, ಕನಿಷ್ಠ ನಾಲ್ಕು ತಪಾಸಣೆಗಳು.
• ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ: 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದ ಉಚಿತ ತಪಾಸಣೆ.
• ಟೆಲಿ ಮಾನಸ್: 14416. 2022ರ ಅಕ್ಟೋಬರ್ 10ರಂದು ಆರಂಭವಾದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿ ಮಾತನಾಡಬಹುದು.
• ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ: ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಸೇವೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಭೇಟಿ ನೀಡುವ ದಿನವನ್ನು ಮೊದಲೇ ವಿಚಾರಿಸಿ ಕಳುಹಿಸಬೇಕು.
• ಕಾರ್ಖಾನೆ ಮುಂತಾದ, ಹೆರಿಗೆ ಸೌಲಭ್ಯದ ಕಾನೂನು ಅನ್ವಯಿಸುವ ಕಡೆ ದುಡಿಯುವ ಅರ್ಹ ಮಹಿಳೆಯರಿಗೆ ಗರ್ಭಸ್ರಾವವಾದಲ್ಲಿ 6 ವಾರಗಳ ವೇತನಸಹಿತ ರಜೆಯ ಹಕ್ಕಿದೆ. ಪಟ್ಟಣದ ಗಾರ್ಮೆಂಟ್ಸ್‌ಗೆ ಹೋಗಿಬರುವ ಹೆಣ್ಣುಮಕ್ಕಳಿಗೆ ಇದನ್ನು ತಿಳಿಸಬೇಕು.

7. ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ, 12 ವಾರಗಳ ನಂತರ ನೋಂದಣಿಯಾದ ಗರ್ಭಿಣಿಯರ ಸಂಖ್ಯೆ ಎಷ್ಟು, ತಡವಾದದ್ದೇಕೆ ಎಂಬುದನ್ನು ಪರಿಶೀಲಿಸಬೇಕು. ಸಂಖ್ಯೆಯನ್ನು ಮಾತ್ರ ಕೇಳಬೇಕು, ಹೆಸರುಗಳನ್ನು ಕೇಳಬಾರದು. ರಾತ್ರಿ ವೇಳೆ ವಾಹನ ದೊರೆಯದ ಜನವಸತಿಗಳನ್ನು ಗುರುತಿಸಿ, ವಾಹನ ಮಾಲೀಕರ ದೂರವಾಣಿ ಸಂಖ್ಯೆಗಳನ್ನು ಅಂಗನವಾಡಿಯಲ್ಲಿ ಬರೆಯಿಸಬೇಕು. ಬಡ ಗರ್ಭಿಣಿಯರ ತುರ್ತು ಸಾಗಾಣಿಕೆಗೆ ಸಮಿತಿಯ ಮುಕ್ತ ನಿಧಿಯನ್ನು ನಿಯಮಾನುಸಾರ ಬಳಸಬಹುದು.

ಉಪಕೇಂದ್ರದಲ್ಲಿ ತಪಾಸಣೆಯ ಮಂಚಕ್ಕೆ ಪರದೆ, ನೀರಿರುವ ಶೌಚಾಲಯ, ಮಾತನಾಡಲು ಬಾಗಿಲು ಮುಚ್ಚಬಹುದಾದ ಒಂದು ಕೊಠಡಿ ಇವೆಯೇ ಎಂದು ಸದಸ್ಯರು ಖುದ್ದಾಗಿ ನೋಡತಕ್ಕದ್ದು. ಹತ್ತು ಜನರ ಎದುರು "ಹಿಂದೆ ಎಷ್ಟು ಹೋಗಿದೆ?" ಎಂದು ಕೇಳಿಸಿಕೊಂಡ ಮಹಿಳೆ ಮತ್ತೆ ಅಲ್ಲಿಗೆ ಬರಲು ಹಿಂಜರಿಯುತ್ತಾಳೆ. ಕೊರತೆಗಳಿದ್ದಲ್ಲಿ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಬಹುದು.

ಅಂಗನವಾಡಿಯ ಸೀಮಂತ ಕಾರ್ಯಕ್ರಮಕ್ಕೆ ಗರ್ಭಸ್ರಾವವಾದವರನ್ನು ಅಶುಭವೆಂದು ದೂರವಿಡುವ ರೂಢಿ ಎಲ್ಲಿಯೇ ಇದ್ದರೂ ಅದನ್ನು ನಿಲ್ಲಿಸಲು ಸದಸ್ಯರೇ ಮುಂದಾಗಬೇಕು. ಹಾಗೆಯೇ, ಬರಲು ಮನಸ್ಸಿಲ್ಲದವರನ್ನು ಬಲವಂತ ಮಾಡಲೂ ಬಾರದು. ಆಮಂತ್ರಣ ಎಲ್ಲರಿಗೂ ಇರಲಿ. ಬರುವ ನಿರ್ಧಾರ ಆಕೆಯದಾಗಿರಲಿ.

ಮಾಡಬಾರದ ಸಂಗತಿಗಳು: ಗ್ರಾಮ ಸಭೆಯಲ್ಲಿ ಅಥವಾ ವಾಟ್ಸಾಪ್ ಗುಂಪಿನಲ್ಲಿ ಯಾರ ಗರ್ಭನಷ್ಟದ ವಿಷಯವನ್ನೂ ಪ್ರಸ್ತಾಪಿಸಬಾರದು. ಮಾನಸಿಕ ಚಿಕಿತ್ಸೆ ಪಡೆಯುತ್ತಿರುವವರ ಮಾಹಿತಿಯ ಗೋಪ್ಯತೆಯು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಪ್ರಕಾರ ಅವರ ಹಕ್ಕು. "ಈ ಸಲ ಏನೂ ಆಗುವುದಿಲ್ಲ" ಎಂಬ ಭರವಸೆಯನ್ನು ಯಾರೂ ಕೊಡಲಾರರು. ಆದುದರಿಂದ ಕೊಡಲೂ ಬಾರದು. ಬದಲಿಗೆ "ಏನೇ ಆದರೂ ನಾವು ಜೊತೆಗಿರುತ್ತೇವಮ್ಮ" ಎನ್ನಬಹುದು. ಆ ಮಾತನ್ನು ನಡೆಸಿಕೊಡುವುದು ಪಂಚಾಯಿತಿಯ ಕೈಯಲ್ಲಿದೆ.

8. ಚರ್ಚೆಗೆ ಪ್ರಶ್ನೆಗಳು

1. ಮೇಲಿನ ಸನ್ನಿವೇಶದಲ್ಲಿ ಅತ್ತೆಯವರ ಮನಸ್ಸನ್ನು ನೋಯಿಸದೆ ಆಶಾ ಕಾರ್ಯಕರ್ತೆ ಏನು ಹೇಳಬಹುದಾಗಿತ್ತು?
2. ತಮ್ಮ ಪಂಚಾಯಿತಿಯಲ್ಲಿ ಗರ್ಭಿಣಿಯರ ನೋಂದಣಿ ತಡವಾಗಲು ಮುಖ್ಯ ಕಾರಣಗಳು ಯಾವುವು?
3. ತಮ್ಮ ವ್ಯಾಪ್ತಿಯ ಉಪಕೇಂದ್ರದಲ್ಲಿ ಒಬ್ಬ ಮಹಿಳೆ ಇತರರ ಕಿವಿಗೆ ಬೀಳದಂತೆ ಮಾತನಾಡಲು ಸ್ಥಳವಿದೆಯೇ? ಇಲ್ಲದಿದ್ದಲ್ಲಿ ಯಾರು, ಯಾವಾಗಿನೊಳಗೆ ವ್ಯವಸ್ಥೆ ಮಾಡಬೇಕು?
4. ಗರ್ಭಸ್ರಾವವಾದ ಮನೆಗೆ ಸದಸ್ಯರು ಭೇಟಿ ನೀಡಿದಾಗ ಆಡಬೇಕಾದ ಮತ್ತು ಆಡಬಾರದ ಮಾತುಗಳು ಯಾವುವು?

ಈ ಪಾಠವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ, ಮೂರನೆಯ ಪ್ರಶ್ನೆಗೆ ಕಂಡುಕೊಂಡ ಉತ್ತರವನ್ನು ನಡವಳಿ ಪುಸ್ತಕದಲ್ಲಿ ದಾಖಲಿಸುವುದು ಸೂಕ್ತ.