ಡಬ್ಬಿಯ ಬಣ್ಣ ಹೇಳದ ಮಾತು: ತೋಟದ ರಾಸಾಯನಿಕಗಳು, ಚರ್ಮದ ಪರೀಕ್ಷೆ ಮತ್ತು ಕೆಲಸಗಾರರ ಹಕ್ಕು

ಕೀಟನಾಶಕದ ಪ್ರತಿಯೊಂದು ಡಬ್ಬಿಯ ಮೇಲೂ ಓರೆಯಾಗಿ ನಿಂತ ಚೌಕವೊಂದು ಇರಬೇಕೆಂದೂ, ಅದರ ಕೆಳಗಿನ ತ್ರಿಕೋನದಲ್ಲಿ ಕೆಂಪು, ಹಳದಿ, ನೀಲಿ ಅಥವಾ ಹಸಿರು ಬಣ್ಣ ತುಂಬಿರಬೇಕೆಂದೂ 1971ರ ಕೀಟನಾಶಕ ನಿಯಮಗಳ 19ನೆಯ ನಿಯಮ ವಿಧಿಸುತ್ತದೆ. ಹೇಮಾವತಿ ಹುಟ್ಟುವ ಜಾವಳಿಯ ಆಸುಪಾಸಿನಿಂದ ಮೂಡಿಗೆರೆ, ಕಳಸಗಳವರೆಗೆ ಹಬ್ಬಿರುವ ಕಾಫಿ ತೋಟಗಳಲ್ಲಿ ಔಷಧಿ ಹೊಡೆಯುವವರಿಗೆ ಓದು ಬಾರದಿದ್ದರೂ ಬಣ್ಣ ತಿಳಿಯಲಿ ಎಂಬುದೇ ಈ ಏರ್ಪಾಡಿನ ಉದ್ದೇಶವಾಗಿದ್ದು, ಆ ಮಟ್ಟಿಗೆ ಅದು ಒಳ್ಳೆಯ ಏರ್ಪಾಡೇ ಸರಿ. ಆದರೆ ಹಸಿರು ಕಂಡೊಡನೆ ಬರಿಗೈಯಲ್ಲಿ ಕಲಸಬಹುದೆಂಬ ಧೈರ್ಯ ತಾಳುವುದು ತಪ್ಪು. ಏಕೆಂದರೆ ಆ ಬಣ್ಣವು ಚರ್ಮಕ್ಕೆ ಆಗಬಹುದಾದ ಗಾಯದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಬಣ್ಣ ಅಳೆಯುವುದು ಸಾವನ್ನು. ಪ್ರಯೋಗಕ್ಕೊಳಪಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವನ್ನು ದೇಹತೂಕದ ಪ್ರತಿ ಕಿಲೋಗ್ರಾಂಗೆ ಇಷ್ಟು ಮಿಲಿಗ್ರಾಂ ಎಂದು ಲೆಕ್ಕ ಹಾಕುತ್ತಾರೆ; ಬಾಯಿಯ ಮೂಲಕ ಕೊಟ್ಟಾಗ ಆ ಪ್ರಮಾಣ 1ರಿಂದ 50 ಮಿಲಿಗ್ರಾಂ ಆದರೆ ಕೆಂಪು, 51ರಿಂದ 500 ಆದರೆ ಹಳದಿ, 501ರಿಂದ 5,000 ಆದರೆ ನೀಲಿ, ಅದಕ್ಕೂ ಮೀರಿದರೆ ಹಸಿರು. ಚರ್ಮದ ಮೂಲಕ ದೇಹ ಸೇರಿ ಕೊಲ್ಲುವ ಪ್ರಮಾಣಕ್ಕೂ ಪ್ರತ್ಯೇಕ ಅಂಕಿಗಳಿವೆಯಾದರೂ, ಅಲ್ಲಿ ಚರ್ಮವನ್ನು ವಿಷ ಒಳಹೋಗುವ ಬಾಗಿಲೆಂದಷ್ಟೇ ಪರಿಗಣಿಸಲಾಗುತ್ತದೆ. ಆ ಬಾಗಿಲೇ ಸುಟ್ಟುಹೋದರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಬೇರೆಯೇ ಪರೀಕ್ಷೆ.

ಈ ಎರಡನೆಯ ಪರೀಕ್ಷೆಯು ಎರಡು ಬಗೆಯ ಹಾನಿಗಳನ್ನು ಬೇರ್ಪಡಿಸಿ ನೋಡುತ್ತದೆ. ರಾಸಾಯನಿಕ ತಗುಲಿದ ಜಾಗ ಕೆಂಪಾಗಿ, ಊದಿಕೊಂಡು, ಉರಿದು, ಕೆಲವು ದಿನಗಳಲ್ಲಿ ಮೊದಲಿನಂತಾದರೆ ಅದನ್ನು ಚರ್ಮದ ಕೆರಳಿಕೆ ಎನ್ನುತ್ತಾರೆ. ಚರ್ಮದ ಮೇಲ್ಪದರವನ್ನು ದಾಟಿ ಒಳಪದರದವರೆಗೆ ಅಂಗಾಂಶವೇ ಸತ್ತು, ಹುಣ್ಣಾಗಿ, ಕಲೆ ಶಾಶ್ವತವಾಗಿ ಉಳಿಯುವಂತಿದ್ದರೆ ಅದನ್ನು ಚರ್ಮದ ಕೊರೆತ, ಅಂದರೆ ಮರಳಿ ಸರಿಹೋಗದ ಹಾನಿ ಎನ್ನುತ್ತಾರೆ. ಅಮೆರಿಕದ ಜಾನ್ ಡ್ರೇಜ್ ಮತ್ತು ಸಂಗಡಿಗರು 1944ರಲ್ಲಿ ಪ್ರಕಟಿಸಿದ ಮೊಲದ ಮೇಲಿನ ಪರೀಕ್ಷೆಯೇ ಮುಂದೆ ಜಗತ್ತಿನ ವಾಡಿಕೆಯಾಯಿತು. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯು (ಒಇಸಿಡಿ) 1981ರಲ್ಲಿ ಹೊರತಂದ 404ನೆಯ ಮಾರ್ಗಸೂಚಿಯಂತೆ, ಕೂದಲು ತೆಗೆದ ಸುಮಾರು 6 ಚದರ ಸೆಂಟಿಮೀಟರ್ ಚರ್ಮದ ಮೇಲೆ 0.5 ಮಿಲಿಲೀಟರ್ ದ್ರವ ಅಥವಾ 0.5 ಗ್ರಾಂ ಪುಡಿಯನ್ನು ಪಟ್ಟಿ ಕಟ್ಟಿ ನಾಲ್ಕು ಗಂಟೆಯವರೆಗೆ ಇರಿಸಿ, ಬಳಿಕ 24, 48 ಮತ್ತು 72 ಗಂಟೆಗಳಲ್ಲಿ ಕೆಂಪು ಹಾಗೂ ಊತಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡಲಾಗುತ್ತದೆ. ಹಾನಿ ಮಾಯುತ್ತದೆಯೇ ಇಲ್ಲವೇ ಎಂಬುದನ್ನು 14 ದಿನಗಳವರೆಗೆ ಗಮನಿಸಲಾಗುತ್ತದೆ. ಮೂರು ನಿಮಿಷದೊಳಗಿನ ಸಂಪರ್ಕದಲ್ಲೇ ಕೊರೆಯುವ ವಸ್ತು ಅತ್ಯಂತ ಉಗ್ರ ವರ್ಗಕ್ಕೂ, ಒಂದು ಗಂಟೆಯೊಳಗೆ ಅಥವಾ ನಾಲ್ಕು ಗಂಟೆಯೊಳಗೆ ಕೊರೆಯುವವು ಅದರ ನಂತರದ ವರ್ಗಗಳಿಗೂ ಸೇರುತ್ತವೆ.

ಈ ಪರೀಕ್ಷೆ ಪ್ರಾಣಿಗೆ ಕೊಡುವ ಯಾತನೆಯನ್ನು ಮುಚ್ಚಿಡುವ ಅಗತ್ಯವಿಲ್ಲ. ಇಂದಿನ ಮಾರ್ಗಸೂಚಿಗಳ ಪ್ರಕಾರ, ಮೊದಲು ಲಭ್ಯ ಮಾಹಿತಿಯನ್ನೂ ಆಮ್ಲ ಅಥವಾ ಕ್ಷಾರದ ತೀವ್ರತೆಯನ್ನೂ ನೋಡಿ, ಆನಂತರ ಮನುಷ್ಯ ಚರ್ಮದ ಜೀವಕೋಶಗಳಿಂದ ಪ್ರಯೋಗಾಲಯದಲ್ಲಿ ಬೆಳೆಸಿದ ಚರ್ಮಪದರದ ಮೇಲೆ ಪರೀಕ್ಷಿಸಿ, ಇವೆರಡೂ ಸಾಲದಿದ್ದಾಗ ಮಾತ್ರ ಪ್ರಾಣಿಯ ಕಡೆ ತಿರುಗಬೇಕು. ಕೊರೆತಕ್ಕೆ 431ನೆಯ, ಕೆರಳಿಕೆಗೆ 439ನೆಯ ಮಾರ್ಗಸೂಚಿ ಇದ್ದು, ಎರಡನೆಯದರಲ್ಲಿ ರಾಸಾಯನಿಕ ತಗುಲಿದ ಕೋಶಗಳಲ್ಲಿ ಬದುಕುಳಿದವು ಅರ್ಧ ಅಥವಾ ಅದಕ್ಕಿಂತ ಕಡಿಮೆಯಾದರೆ ವಸ್ತುವನ್ನು ಕೆರಳಿಸುವಂಥದ್ದೆಂದು ಗುರುತಿಸಲಾಗುತ್ತದೆ. ಇಂತಹ ಪರೀಕ್ಷೆಗಳ ಫಲಿತಾಂಶವನ್ನು ದೇಶ ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವ್ಯವಸ್ಥೆಗೆ ಭಾರತವು 2011ರ ಮಾರ್ಚ್‌ನಲ್ಲಿ ಪೂರ್ಣವಾಗಿ ಸೇರಿತು. ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2014ರಲ್ಲಿಯೇ ನಿಷೇಧಿಸಲಾಗಿದ್ದರೂ, ಆ ನಿಷೇಧ ಕೃಷಿ ರಾಸಾಯನಿಕಗಳಿಗೆ ಅನ್ವಯಿಸುವುದಿಲ್ಲ.

ಇಷ್ಟೆಲ್ಲ ನಡೆದ ಪರೀಕ್ಷೆಯ ಫಲ ಔಷಧಿ ಹೊಡೆಯುವವರ ಕೈಸೇರದಿದ್ದರೆ ಅದು ಇದ್ದೂ ಇಲ್ಲದಂತೆ. 1968ರ ಕೀಟನಾಶಕಗಳ ಕಾಯ್ದೆಯಡಿ, ಶಿಲೀಂಧ್ರನಾಶಕ ಮತ್ತು ಕಳೆನಾಶಕಗಳೂ ಸೇರಿದಂತೆ, ಯಾವ ಕೀಟನಾಶಕವನ್ನೇ ಆಗಲಿ ನೋಂದಣಿ ಸಮಿತಿಯ ಮುಂದೆ ಸುರಕ್ಷತೆಯ ದತ್ತಾಂಶವನ್ನಿರಿಸಿ 9ನೆಯ ಕಲಮಿನಂತೆ ನೋಂದಾಯಿಸದೆ ತಯಾರಿಸುವಂತಿಲ್ಲ, ಆಮದು ಮಾಡುವಂತಿಲ್ಲ. ಅಲ್ಲಿ ಕಡತ ಸೇರಿದ ಮಾಹಿತಿಯು ತೋಟದವರೆಗೆ ಬರುವ ದಾರಿಯೆಂದರೆ ಡಬ್ಬಿಯೊಂದಿಗೆ ಮಡಚಿಟ್ಟ ಕರಪತ್ರ. ವಸ್ತುವು ಚರ್ಮ, ಮೂಗು, ಗಂಟಲು ಅಥವಾ ಕಣ್ಣನ್ನು ಕೆರಳಿಸುವಂತಿದ್ದರೆ ಆ ಮಾತನ್ನು ಕರಪತ್ರದಲ್ಲಿ ಬರೆಯಲೇಬೇಕೆಂದು ಕೀಟನಾಶಕ ನಿಯಮಗಳ 18ನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ; ವಿಷಬಾಧೆಯ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷ, ಖಾಲಿ ಡಬ್ಬಿಯ ವಿಲೇವಾರಿ ಇವೆಲ್ಲವೂ ಅದರಲ್ಲಿರಬೇಕು, ಹಿಂದಿ ಮತ್ತು ಇಂಗ್ಲಿಷಿನ ಜೊತೆಗೆ ಮಾರಾಟವಾಗುವ ಪ್ರದೇಶದ ಭಾಷೆಯಲ್ಲೂ ಇರಬೇಕು. ಆದುದರಿಂದ ಕನ್ನಡದ ಕರಪತ್ರವನ್ನು ಕೇಳುವ ಬೆಳೆಗಾರರು ಅಂಗಡಿಯವರಿಂದ ಉಪಕಾರ ಬೇಡುತ್ತಿಲ್ಲ, ಕಾನೂನು ಕೊಟ್ಟದ್ದನ್ನೇ ಕೇಳುತ್ತಿದ್ದಾರೆ. ಮನುಷ್ಯರಿಗೂ ಪ್ರಾಣಿಗಳಿಗೂ ಅಪಾಯ ತಪ್ಪಿಸಲು ಬೇಕಾದಷ್ಟು ಎಚ್ಚರಿಕೆಯ ಮಾತು ಲೇಬಲ್ಲಿನ ಮೇಲಿಲ್ಲದಿದ್ದರೆ ಆ ಸರಕನ್ನು ಕಾಯ್ದೆಯ 3ನೆಯ ಕಲಮು ತಪ್ಪು ಲೇಬಲ್ಲಿನ ಸರಕೆಂದು ಕರೆಯುತ್ತದೆ, ಅದರ ಮಾರಾಟ ಶಿಕ್ಷಾರ್ಹ ಅಪರಾಧವಾಗುತ್ತದೆ.

ಮಲೆನಾಡಿನ ತೋಟಗಳಲ್ಲಿ ಇನ್ನೂ ಒಂದು ತೊಡಕಿದೆ. ಕಾಫಿಯ ಎಲೆ ತುಕ್ಕು ರೋಗಕ್ಕೂ ಅಡಿಕೆಯ ಕೊಳೆ ರೋಗಕ್ಕೂ ಹೊಡೆಯುವ ಬೋರ್ಡೋ ದ್ರಾವಣವನ್ನು ಮೈಲುತುತ್ತು ಮತ್ತು ಸುಣ್ಣದಿಂದ ತೋಟದಲ್ಲೇ ತಯಾರಿಸುತ್ತಾರೆ. ಬಿಳಿ ಕಾಂಡಕೊರಕದ ವಿರುದ್ಧ ಅರೇಬಿಕಾ ಗಿಡಗಳ ಕಾಂಡಕ್ಕೆ ಶೇ. 10ರ ಸುಣ್ಣದ ದ್ರಾವಣವನ್ನು, ಅಂದರೆ 200 ಲೀಟರ್ ನೀರಿಗೆ 20 ಕಿಲೋ ಸುಣ್ಣ ಬೆರೆಸಿ, ಹೊಡೆಯುತ್ತಾರೆ. ಸುಣ್ಣದ ಮೂಟೆಯ ಮೇಲೆ ಓರೆ ಚೌಕವೂ ಇಲ್ಲ, ಬಣ್ಣವೂ ಇಲ್ಲ. ಆದರೂ ಸುಣ್ಣದ ತಿಳಿನೀರಿನ ಕ್ಷಾರತೆಯ ಅಳತೆ (ಪಿಎಚ್) 12ನ್ನು ಮೀರುತ್ತದೆ; 11.5 ಮುಟ್ಟಿದ ಅಥವಾ ಮೀರಿದ ವಸ್ತುವನ್ನು, ಬೇರೆ ಸಾಕ್ಷ್ಯ ಸಿಗುವವರೆಗೆ, ಚರ್ಮವನ್ನು ಕೊರೆಯುವಂಥದ್ದೆಂದೇ ಶಂಕಿಸಬೇಕೆಂಬುದು ಪರೀಕ್ಷಾ ಶಾಸ್ತ್ರದ ನಿಯಮ. ಸುಡುಸುಣ್ಣವಂತೂ ಬೆವರಿನ ತೇವ ಸಿಕ್ಕರೆ ಸಾಕು, ಕಾದು ಸುಡುತ್ತದೆ. ಮೈಲುತುತ್ತಿನಿಂದ ಕಣ್ಣಿಗೆ ಗಂಭೀರ ಹಾನಿಯಾಗಬಲ್ಲದು. ದಿನವೂ ಕೈಯಲ್ಲಿ ಹಿಡಿಯುವ ವಸ್ತುಗಳೆಂಬ ಕಾರಣಕ್ಕೆ ಇವನ್ನು ನಿರಪಾಯವೆಂದು ಭಾವಿಸುವುದು ಕೈಗವಸು ಇಲ್ಲದ ಕೆಲಸಕ್ಕೆ ಸಿಗುವ ಅತ್ಯಂತ ಸುಲಭದ ನೆಪವಾಗಿದೆ.

ಹಾಗಾದರೆ ತೋಟದ ಮಾಲೀಕರ ಹೊಣೆಯೇನು? ಕೀಟನಾಶಕಗಳ ಕಾಯ್ದೆಯ 38ನೆಯ ಕಲಮು, ಒಬ್ಬ ವ್ಯಕ್ತಿ ತನ್ನ ಸಾಗುವಳಿಯಲ್ಲಿರುವ ಭೂಮಿಗೆ ಕೀಟನಾಶಕ ಬಳಸುವುದನ್ನು ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿಟ್ಟಿದೆ. ಹೀಗಾಗಿ ತಯಾರಕರು ಮತ್ತು ಮಾರಾಟಗಾರರ ಮೇಲೆ ಬಿಗಿಯಾಗಿರುವ ಆ ಕಾಯ್ದೆಯು ತೋಟದ ಗೇಟು ದಾಟುವಾಗ ಸಡಿಲವಾಗುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಕಾರ್ಮಿಕ ಕಾನೂನು. 1951ರ ತೋಟ ಕಾರ್ಮಿಕರ ಕಾಯ್ದೆಗೆ 2010ರಲ್ಲಿ ಸೇರಿಸಿದ 18ಎ ಕಲಮು, ಔಷಧಿ ಬೆರೆಸುವ ಮತ್ತು ಹೊಡೆಯುವ ಕೆಲಸಗಾರರಿಗೆ ಅಪಾಯಗಳ ಬಗ್ಗೆ ತರಬೇತಿ, ನಿಯತಕಾಲಿಕ ವೈದ್ಯಕೀಯ ತಪಾಸಣೆ, ಆರೋಗ್ಯದ ದಾಖಲೆ, ರಕ್ಷಣಾ ಉಡುಪು, ಕೈಕಾಲು ತೊಳೆದು ಸ್ನಾನ ಮಾಡುವ ಸೌಕರ್ಯ ಇವನ್ನೆಲ್ಲ ಮಾಲೀಕರ ಕರ್ತವ್ಯವಾಗಿಸಿತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಕೂಡ ತನ್ನ 93ನೆಯ ಕಲಮಿನಲ್ಲಿ ಕೀಟನಾಶಕ ಮತ್ತು ರಾಸಾಯನಿಕಗಳಿಂದ ತೋಟದ ಕೆಲಸಗಾರರನ್ನು ರಕ್ಷಿಸುವ ಹೊಣೆಯನ್ನು ಮಾಲೀಕರ ಮೇಲೆಯೇ ಇರಿಸಿದೆ. 14ನೆಯ ಕಲಮಿನಲ್ಲಿ, ತಮ್ಮ ಆರೋಗ್ಯ ಮತ್ತು ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ಮಾಲೀಕರಿಂದ ಪಡೆಯುವ ಹಕ್ಕನ್ನು ನೌಕರರಿಗೆ ಕೊಟ್ಟಿದೆ. ಡಬ್ಬಿಯ ಕರಪತ್ರವನ್ನು ಓದಿ ಹೇಳಿರೆಂದು ರೈಟರನ್ನೋ ಮೇಸ್ತ್ರಿಯನ್ನೋ ಕೇಳುವುದು ಈ ಹಕ್ಕಿನ ಅತ್ಯಂತ ಸರಳ ರೂಪ.

ಆದರೆ ಈ ವಿಶೇಷ ರಕ್ಷಣೆ 5 ಹೆಕ್ಟೇರ್ ಅಥವಾ ಅದಕ್ಕೂ ದೊಡ್ಡ ತೋಟಗಳಿಗೆ ಸೀಮಿತ. ಕರ್ನಾಟಕದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು, ಹಲವೆಡೆ ಔಷಧಿ ಹೊಡೆಯುವವರು ಮಾಲೀಕರ ಮನೆಯವರೇ ಆಗಿರುತ್ತಾರೆ. ಸಣ್ಣ ತೋಟದ ಕೂಲಿಯವರ ಚರ್ಮ ದೊಡ್ಡ ತೋಟದ ಕೂಲಿಯವರ ಚರ್ಮಕ್ಕಿಂತ ಗಟ್ಟಿಯೇನಲ್ಲ. ಕಾನೂನಿನ ಈ ಕೊರತೆಯನ್ನು ಶಾಸನಕಾರರು ತುಂಬಬೇಕಾಗಿದೆ.

ಚರ್ಮಕ್ಕೆ ರಾಸಾಯನಿಕ ತಗುಲಿದಾಗ ಕಾನೂನಿಗಿಂತ ಮೊದಲು ಬೇಕಾದದ್ದು ನೀರು. ಬಟ್ಟೆಯನ್ನು ಕೂಡಲೇ ಕಳಚಿ, ಕನಿಷ್ಠ 15ರಿಂದ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಬೇಕು. ಒಣ ಸುಡುಸುಣ್ಣವಾಗಿದ್ದರೆ ಮೊದಲು ಪುಡಿಯನ್ನು ಝಾಡಿಸಿ ತೆಗೆದು ಆಮೇಲೆ ಧಾರಾಳವಾಗಿ ನೀರು ಹಾಕಬೇಕು. ಕ್ಷಾರಕ್ಕೆ ಹುಳಿ, ಹುಳಿಗೆ ಸೋಡಾ ಹಚ್ಚುವ ಪ್ರಯೋಗ ಸಲ್ಲದು. ಆಸ್ಪತ್ರೆಗೆ ಹೋಗುವಾಗ ಡಬ್ಬಿ ಮತ್ತು ಕರಪತ್ರವನ್ನು ಒಯ್ಯುವುದರಿಂದ ಎರಡು ಪ್ರಯೋಜನಗಳಿವೆ: ವೈದ್ಯರಿಗೆ ಚಿಕಿತ್ಸೆಯ ದಾರಿ ತಿಳಿಯುತ್ತದೆ, ಗಾಯ ಯಾವ ವಸ್ತುವಿನಿಂದ, ಯಾವ ಕೆಲಸದಲ್ಲಿ ಆಯಿತೆಂಬುದು ಆಸ್ಪತ್ರೆಯ ದಾಖಲೆಯಲ್ಲಿ ಮೊದಲ ದಿನವೇ ಸೇರುತ್ತದೆ. ಈ ಒಂದು ಸಾಲಿನ ಕೊರತೆಯಿಂದ ಪರಿಹಾರದ ಅರ್ಜಿ ಸೋಲಬಹುದು. ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿಯಲ್ಲಿ, ಅಂದರೆ ಮೊದಲು 1923ರ ನೌಕರರ ಪರಿಹಾರ ಕಾಯ್ದೆಯಲ್ಲಿದ್ದು ಈಗ ಸಾಮಾಜಿಕ ಭದ್ರತಾ ಸಂಹಿತೆ, 2020ಕ್ಕೆ ಬಂದಿರುವ ಮೂರನೆಯ ಅನುಸೂಚಿಯಲ್ಲಿ, ರಾಸಾಯನಿಕಗಳಿಂದ ಬರುವ ಚರ್ಮರೋಗಗಳಿಗೂ ಸ್ಥಾನವಿದೆ. ಗಾಯಾಳುವಿನ ಕೆಲಸವು ಪರಿಹಾರದ ವ್ಯಾಪ್ತಿಗೆ ಬರುತ್ತದೆಯೇ ಎಂಬುದನ್ನು ಎರಡನೆಯ ಅನುಸೂಚಿಯೊಂದಿಗೆ ತಾಳೆ ನೋಡಬೇಕಾಗಿರುವುದರಿಂದ ಆರಂಭದಲ್ಲೇ ವಕೀಲರ ಸಲಹೆ ಪಡೆಯುವುದು ಲೇಸು.

ಔಷಧಿಯೇ ಕಲಬೆರಕೆ ಎಂಬ ಅನುಮಾನವಿದ್ದರೆ ತಾಲ್ಲೂಕಿನ ಕೃಷಿ ಇಲಾಖೆಯ ಕೀಟನಾಶಕ ಪರಿವೀಕ್ಷಕರಿಗೆ ಖರೀದಿಯ ರಸೀದಿಯೊಂದಿಗೆ ಲಿಖಿತ ದೂರು ಕೊಡಬಹುದು. ಪರಿವೀಕ್ಷಕರು ಕೀಟನಾಶಕಗಳ ಕಾಯ್ದೆಯ 22ನೆಯ ಕಲಮಿನಂತೆ ಮಾದರಿ ತೆಗೆದು ವಿಶ್ಲೇಷಕರಿಗೆ ಕಳುಹಿಸಿದರೆ, 24ನೆಯ ಕಲಮಿನಂತೆ 30 ದಿನಗಳೊಳಗೆ ವರದಿ ಬರಬೇಕು. ಆ ವರದಿಯ ಪ್ರತಿಯನ್ನು 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಿಂದ ಕೇಳಬಹುದು. ಇಲ್ಲಿ ಒಂದು ಎಚ್ಚರ ಅಗತ್ಯ. ಈ ವಿಶ್ಲೇಷಣೆ ತೋರಿಸುವುದು ಡಬ್ಬಿಯಲ್ಲಿ ಹೇಳಿದಷ್ಟು ಮೂಲ ವಿಷ ಒಳಗಿದೆಯೇ ಎಂಬುದನ್ನು. ಅದು ಚರ್ಮದ ಪರೀಕ್ಷೆಯಲ್ಲ. ಸರಕು ಸರಿಯಿದೆ ಎಂಬ ವರದಿ ಬಂದ ಮಾತ್ರಕ್ಕೆ ಚರ್ಮ ಸುಟ್ಟ ದೂರು ಸುಳ್ಳಾಗುವುದಿಲ್ಲ, ಎಚ್ಚರಿಕೆಯ ಮಾತು ಸಾಕಷ್ಟಿತ್ತೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆ ಪ್ರಶ್ನೆಗೆ ಉತ್ತರ ಕೇಳುವ ಇನ್ನೊಂದು ಸ್ಥಳ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗ. ಸರಿಯಾದ ಬಳಕೆಯ ಸೂಚನೆಯಿಲ್ಲದ ಅಥವಾ ತಪ್ಪು ಬಳಕೆಯ ಎಚ್ಚರಿಕೆಯಿಲ್ಲದ ಸರಕಿನಿಂದ ಆದ ಹಾನಿಗೆ ತಯಾರಕರೇ ಹೊಣೆಯೆಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೆಯ ಕಲಮು ಹೇಳುತ್ತದೆ; ಬೀಜ ಖರೀದಿಸಿದ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ತೀರ್ಮಾನಿಸಿರುವುದು ಬೆಳೆಗಾರರಿಗೆ ಬಲ ಕೊಡುತ್ತದೆ. ದೂರನ್ನು ಕಾರಣ ಉಂಟಾದ ಎರಡು ವರ್ಷಗಳೊಳಗೆ ಸಲ್ಲಿಸಬೇಕು.

ಕಾರ್ಖಾನೆಗಳಲ್ಲಿ ಬಳಸುವ ಆಮ್ಲ, ಕಾಸ್ಟಿಕ್ ಸೋಡಾಗಳಂತಹ ವಸ್ತುಗಳಿಗೆ ದಾರಿ ಬೇರೆ. ಭೋಪಾಲದ 1984ರ ದುರಂತದ ನಂತರ ಬಂದ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳಲ್ಲಿ 17ನೆಯದು, ಅಂತಹ ಪ್ರತಿಯೊಂದು ವಸ್ತುವಿಗೂ ಸುರಕ್ಷತಾ ಮಾಹಿತಿ ಪತ್ರ ಸಿದ್ಧಪಡಿಸಬೇಕೆಂದೂ ಪಾತ್ರೆಯ ಮೇಲೆ ಲೇಬಲ್ ಇರಬೇಕೆಂದೂ ಹೇಳುತ್ತದೆ. ಕಾಫಿ ಕ್ಯೂರಿಂಗ್ ಘಟಕಗಳ ಕಾರ್ಮಿಕರು ತಾವು ಮುಟ್ಟುವ ವಸ್ತುವಿನ ಈ ಪತ್ರವನ್ನು ಕೇಳಿ ಪಡೆಯಬಹುದು, ಚರ್ಮ ಮತ್ತು ಕಣ್ಣಿನ ಮೇಲಿನ ಪರಿಣಾಮವನ್ನು ಅದರಲ್ಲಿ ನೋಡಬಹುದು.

ಔಷಧಿಯ ಡಬ್ಬಿ ತೊಳೆದ ನೀರೂ ಇನ್ನೊಬ್ಬರ ಚರ್ಮವನ್ನು ತಲುಪುತ್ತದೆ. ಖಾಲಿ ಡಬ್ಬಿ, ಉಳಿದ ದ್ರಾವಣ ಮತ್ತು ತೊಳೆದ ನೀರನ್ನು ಪರಿಸರವೂ ನೀರಿನ ಮೂಲವೂ ಕೆಡದಂತೆ ವಿಲೇವಾರಿ ಮಾಡಬೇಕೆಂದು ಕೀಟನಾಶಕ ನಿಯಮಗಳ 44ನೆಯ ನಿಯಮ ಹೇಳುವುದು ಹೇಮಾವತಿಯ ಮೊದಲ ಹಳ್ಳಗಳು ಹರಿಯುವ ಜಾವಳಿಯಲ್ಲಿ ಹೆಚ್ಚಿನ ತೂಕ ಪಡೆಯುತ್ತದೆ. ಹಳ್ಳದಲ್ಲಿ ಸ್ಪ್ರೇಯರ್ ತೊಳೆಯುವುದನ್ನು ಕಂಡವರು ಗ್ರಾಮ ಪಂಚಾಯಿತಿಗೂ ಕೃಷಿ ಇಲಾಖೆಗೂ ತಿಳಿಸಬಹುದು. ಈ ಯಾವ ಹೆಜ್ಜೆಗೂ ವಕೀಲರ ಶುಲ್ಕ ಅಡ್ಡಿಯಾಗಬೇಕಿಲ್ಲ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಮೊದಲಾದವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು, ಉಳಿದವರು ಆದಾಯದ ಮಿತಿಗೊಳಪಟ್ಟು ಅರ್ಹರು. ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಡಬಹುದು, ಬರೆಯಲು ಬಾರದವರು ಬಾಯಿಮಾತಿನಲ್ಲಿ ಹೇಳಿ ಬರೆಸಬಹುದು, ಅಥವಾ 15100 ಸಂಖ್ಯೆಗೆ ಕರೆ ಮಾಡಬಹುದು.