ಎಲೆ ಕೊನೆಗೆ ನೋಡಿ: ಕಾಡು ಕ್ರೋಟನ್ ಗುರುತಿಸುವ ಸೂತ್ರಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಬಳ್ಳಾರಿ ಕಡೆಯವರು ‘ಪಶ್ಚಿಮ ತಾಲ್ಲೂಕುಗಳು’ ಎಂದು ಕರೆಯುತ್ತ ಬಂದ ಈ ಸೀಮೆಯಲ್ಲಿ ಬಸ್ಸಿಳಿದು ರಸ್ತೆ ಬದಿಗೆ ನಡೆದರೆ ಕಾಡು ಕ್ರೋಟನ್ ಸಿಗುತ್ತದೆ. ಮೊಣಕಾಲೆತ್ತರದ ಗಿಡ, ತುದಿಯಲ್ಲಿ ಸಣ್ಣ ಬಿಳಿ ಹೂಗಳ ನೆಟ್ಟಗಿನ ತೆನೆ. ದಿನಾ ಕಾಣುವ ಗಿಡವೆಂಬ ಸಲಿಗೆಯಿಂದಲೇ ಅದರ ಹೆಸರು ತಪ್ಪುವುದು. ಗಿಡ ಒತ್ತಿ ಹಾಳೆಗೆ ಅಂಟಿಸಿ ಹರ್ಬೇರಿಯಂ ಮಾಡುವ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ, ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುವ ಮೇಷ್ಟ್ರುಗಳಿಗೆ ಈ ಸೂತ್ರಗಳು.

1. ನರ್ಸರಿಯ ಕ್ರೋಟನ್ ಅನ್ನು ಲೆಕ್ಕದಿಂದ ತೆಗೆಯಿರಿ. ಕುಂಡದಲ್ಲಿ ಬಣ್ಣಬಣ್ಣದ ಎಲೆ ಬಿಡುವ ಗಿಡ ಕೋಡಿಯಮ್ ವೇರಿಗೇಟಮ್. ಲಿನೇಯಸ್ 1753ರಲ್ಲಿ ಅದನ್ನು ಕ್ರೋಟನ್ ಕುಲದಲ್ಲಿಟ್ಟಿದ್ದ. ಸಸ್ಯಶಾಸ್ತ್ರ ಆಮೇಲೆ ಅದನ್ನು ಬೇರೆ ಕುಲಕ್ಕೆ ಸೇರಿಸಿತು, ಮಾರುವವರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು.

2. ತುಳಸಿ ಜಾತಿಯದಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಬಂಗಾಳದಲ್ಲಿ ಇದೇ ಗಿಡಕ್ಕೆ ‘ಬನ ತುಳಸಿ’ ಎಂಬ ಹೆಸರಿದೆ, ದೂರದಿಂದ ಹಾಗೇ ಕಾಣುತ್ತದೆ ಕೂಡ. ಕಾಂಡವನ್ನು ಬೆರಳ ನಡುವೆ ಹೊರಳಿಸಿ. ತುಳಸಿಯ ಎಳೆಕಾಂಡಕ್ಕೆ ನಾಲ್ಕು ಮೂಲೆ, ಕ್ರೋಟನ್ನಿನದು ಗುಂಡು. ತುಳಸಿಯ ಎಲೆ ಎದುರುಬದುರು. ಕ್ರೋಟನ್ನಿನ ಎಲೆ ಒಂದಾದ ಮೇಲೊಂದು, ಕವಲೊಡೆಯುವ ಕಡೆ ಮಾತ್ರ ಗುಂಪುಗೂಡಿರುತ್ತದೆ.

3. ಮೂರು ಹೆಸರು, ಒಂದೇ ಕಾಡು ಕ್ರೋಟನ್. ಕ್ರೋಟನ್ ಬೊನ್‌ಪ್ಲಾಂಡಿಯಾನಸ್, ಬೊನ್‌ಪ್ಲಾಂಡಿಯಾನಮ್, ಸ್ಪಾರ್ಸಿಫ್ಲೋರಸ್ ಎಂದು ಬೇರೆಬೇರೆ ಪುಸ್ತಕದಲ್ಲಿ ಕಂಡರೆ ಮೂರು ಹಾಳೆ ಮಾಡಬೇಡಿ. ಫ್ರೆಂಚ್ ಸಸ್ಯತಜ್ಞ ಬೈಯೋನ್ 1864ರಲ್ಲಿ ಕೊಟ್ಟ ಹೆಸರು ಮೊದಲಿನದು. 1893ರ ‘ಸ್ಪಾರ್ಸಿಫ್ಲೋರಸ್’ ಅದೇ ಗಿಡಕ್ಕೆ ಬಿದ್ದ ಎರಡನೆಯ ಹೆಸರು. ಬೈಯೋನ್ ಕೊಟ್ಟದ್ದು ಅನ್ವೇಷಕ ಹಂಬೋಲ್ಟ್ ಜೊತೆ ಅಮೆರಿಕ ಖಂಡ ಸುತ್ತಿದ ಬೊನ್‌ಪ್ಲಾಂಡ್ ನೆನಪಿನ ಹೆಸರು. ಗಿಡದ ತವರೂ ದಕ್ಷಿಣ ಅಮೆರಿಕವೇ.

4. ರೋಮ ನೋಡಿ. ಇದೊಂದು ಸೂತ್ರ ಕೈಗೆ ಹತ್ತಿದರೆ ಮುಕ್ಕಾಲು ಕೆಲಸ ಮುಗಿದಂತೆ. ಹತ್ತು ಪಟ್ಟು ಹಿಗ್ಗಿಸುವ ಹ್ಯಾಂಡ್ ಲೆನ್ಸನ್ನು ಕಣ್ಣಿಗೆ ಒತ್ತಿ ಹಿಡಿದು, ಎಳೆಕಾಂಡವನ್ನು ಬೆಳಕಿಗೆ ಅಡ್ಡಲಾಗಿ ತನ್ನಿ. ಒಂದೇ ಬುಡದಿಂದ ಸುತ್ತಲೂ ಚಾಚಿದ ನಕ್ಷತ್ರಾಕಾರದ ರೋಮಗಳು ಕಾಣುತ್ತವೆ. ಇವು ಕ್ರೋಟನ್ ಕುಲದ ಸಾಮಾನ್ಯ ಲಕ್ಷಣ. ಬೊನ್‌ಪ್ಲಾಂಡಿಯಾನಸ್‌ನಲ್ಲಿ ಅವು ವಿರಳ, ಕಾಂಡಕ್ಕೆ ಒತ್ತಿಕೊಂಡಿರುತ್ತವೆ. ಬಲಿತ ಕಾಂಡ ಕೈಗೆ ನುಣುಪು. ಅದೇ ಕುಲದ ಕ್ರೋಟನ್ ಹಿರ್ಟಸ್ ಹಾಗಲ್ಲ. ಪ್ರತಿ ನಕ್ಷತ್ರದ ನಡುವಿನಿಂದ ಒಂದು ಉದ್ದನೆಯ ಬಿರುಸು ಕೂದಲು ನೆಟ್ಟಗೆ ಎದ್ದು ನಿಂತಿರುತ್ತದೆ. ಕಾಂಡ, ತೊಟ್ಟು, ಎಲ್ಲೆಡೆ ಹಾಗೇ. ಬೆರಳಾಡಿಸಿದರೆ ಒರಟು. ಇದೂ ಅಮೆರಿಕದ ಗಿಡವೇ. ಕೇರಳ, ಕರ್ನಾಟಕಗಳಲ್ಲಿ ಕಳೆಯಾಗಿ ನೆಲೆಯೂರಿದೆ. ಹೊಲದ ಬದುವಿನಲ್ಲಿ ‘ಅದೇ ಕ್ರೋಟನ್ ಬಿಡು’ ಎಂದು ದಾಟಿ ಹೋಗುವ ಮೊದಲು ಒಮ್ಮೆ ಕಾಂಡ ಮುಟ್ಟಿ ನೋಡಿ ಎನ್ನುವುದು ಇದಕ್ಕೇ.

5. ಹೂತೆನೆಯ ಉದ್ದ ಗಮನಿಸಿ. ಬೊನ್‌ಪ್ಲಾಂಡಿಯಾನಸ್‌ನದು ನೀಳ, ಸಪೂರ. ಮೇಲೆ ಗಂಡು ಹೂ, ಬುಡದಲ್ಲಿ ಬಿಡಿಬಿಡಿಯಾಗಿ ಹೆಣ್ಣು ಹೂ. ಹಿರ್ಟಸ್‌ನ ತೆನೆ ಗಿಡ್ಡ, ಒತ್ತೊತ್ತು. ಅದರ ಹೂವಿನ ಬುಡದ ಪುಟ್ಟ ಪತ್ರಕಗಳ ಅಂಚಿಗೆ ಲೆನ್ಸ್ ಹಿಡಿದರೆ ತೊಟ್ಟುಳ್ಳ ಗ್ರಂಥಿಗಳು ಕಾಣುತ್ತವೆ. ನನ್ನ ಪ್ರಕಾರ ರೋಮದ ನಂತರದ ಅತ್ಯಂತ ಗಟ್ಟಿ ಸಾಕ್ಷಿ ಇದೇ.

6. ಎಲೆಯ ಬುಡದ ಎರಡು ಗ್ರಂಥಿಗಳನ್ನಷ್ಟೇ ನಂಬಬೇಡಿ. ತೊಟ್ಟು ಎಲೆಗೆ ಸೇರುವಲ್ಲಿ ಜೋಡಿ ಗ್ರಂಥಿ ಎರಡೂ ಕ್ರೋಟನ್‌ಗಳಲ್ಲಿದೆ, ಒಂಬತ್ತನೇ ಸೂತ್ರದಲ್ಲಿ ಬರುವ ಗಿಡದಲ್ಲೂ ಇದೆ.

7. ಕಾಯಿ ಇಲ್ಲದೆ ತೀರ್ಪು ಬೇಡ. ಎರಡೂ ಕ್ರೋಟನ್ನಿನದು ಮೂರು ಹೋಳಿನ ಕಾಯಿ, ಔಡಲ ಕುಟುಂಬದ ಲಕ್ಷಣ. ಹಿರ್ಟಸ್‌ನ ಕಾಯಿ ರೋಮಮಯ, ಗುಂಡು. ಇನ್ನೊಂದರದು ತುಸು ಉದ್ದ, ಹೆಚ್ಚುಕಮ್ಮಿ ಬೋಳು. ಒಣಗಿದ ಕಾಯಿ ಸಿಡಿದು ಬೀಜ ಹಾರುತ್ತದೆ, ಹಾಗಾಗಿ ಒತ್ತುವ ಮೊದಲು ಒಂದೆರಡು ಕಾಯಿ ಕಾಗದದ ಪೊಟ್ಟಣಕ್ಕೆ ಹಾಕಿ. ಬೀಜ ನೋಡಿದರೆ ಔಡಲ ಬೀಜವನ್ನೇ ಕಿರಿದು ಮಾಡಿದ ಹಾಗಿರುತ್ತದೆ. ತುದಿಯ ಬಿಳಿ ಗಂಟಿನ ಆಸೆಗೆ ಇರುವೆಗಳು ಅದನ್ನು ಹೊತ್ತೊಯ್ಯುತ್ತವೆ.

8. ಎಲೆ ಕೊನೆಗೆ. ಬೊನ್‌ಪ್ಲಾಂಡಿಯಾನಸ್‌ನದು ಕಿರಿದು, ಭರ್ಜಿಯಾಕಾರ, ಅಂಚಿನಲ್ಲಿ ಸಣ್ಣ ಹಲ್ಲು. ಹಿರ್ಟಸ್‌ನದು ಅಗಲ, ಅಂಡಾಕಾರ, ಹಲ್ಲು ದೊಡ್ಡದು, ಏರುಪೇರು. ಆದರೆ ಕೂಡ್ಲಿಗಿಯ ಕೆಂಪು ಮರಳು ನೆಲದ ಒಣ ಗಿಡಕ್ಕೂ ಹಡಗಲಿ ಕಡೆಯ ನೀರಾವರಿ ಹೊಲದ ಗಿಡಕ್ಕೂ ಎಲೆಯ ಅಳತೆಯಲ್ಲಿ ಅಜಗಜಾಂತರ. ಫೋನಿನ ಆ್ಯಪ್ ಎಡವುವುದೂ ಇಲ್ಲೇ, ಎಲೆಯ ಫೋಟೊ ಮಾತ್ರ ಕೊಟ್ಟರೆ.

9. ಬತ್ತಿದ ಕೆರೆಯಂಗಳದಲ್ಲಿ ಹುಷಾರು. ಬೇಸಿಗೆಯ ಕಪ್ಪು ಮಣ್ಣಿನಲ್ಲಿ ಬೂದು ಬಣ್ಣದ, ಸೊರಗಿ ಜೋತ ಎಲೆಯ ಗಿಡ ಕಂಡರೆ ಅದು ಕ್ರೋಟನ್ ಅಲ್ಲ, ಕ್ರೋಜೋಫೋರಾ ರಾಟ್ಲೆರಿ. ಎಲೆ ಸುಕ್ಕು, ಕಾಯಿ ತೊಟ್ಟಿನಿಂದ ಇಳಿಬಿದ್ದಿರುತ್ತದೆ. ಹಸಿ ಕಾಯನ್ನು ಬಿಳಿ ಕಾಗದಕ್ಕೆ ಉಜ್ಜಿದರೆ ನೇರಳೆ-ನೀಲಿ ಕಲೆ.

10. ಎಳೆ ತೊಟ್ಟು ಮುರಿಯಿರಿ. ಹಾಲು ಒಸರಿದರೆ ಯೂಫೋರ್ಬಿಯಾ ಕುಲದ ಕಡೆ ಹೋಗಿ. ಕಾಡು ಕ್ರೋಟನ್ನಿನ ರಸ ನೀರಿನಂತೆ.

11. ಯಾವುದನ್ನೂ ಬಾಯಿಗೆ ಇಡಬೇಡಿ. ವಿಷಬೀಜವೆಂದು ಹೆಸರಾದ ಜಾಪಾಳ ಇದೇ ಕುಲದ ಕ್ರೋಟನ್ ಟಿಗ್ಲಿಯಮ್.

12. ಸರಿಯಾದ ಪುಸ್ತಕ ತೆರೆಯಿರಿ. ಬಳ್ಳಾರಿ ಜಿಲ್ಲೆ 1953ರವರೆಗೆ ಮದ್ರಾಸಿನಲ್ಲಿತ್ತು. ಹಾಗಾಗಿ ಈ ಸೀಮೆಯ ಗಿಡಗಳಿಗೆ 1915ರಿಂದ 1936ರವರೆಗೆ ಕಂತುಕಂತಾಗಿ ಬಂದ, ಸಸ್ಯತಜ್ಞ ಗ್ಯಾಂಬಲ್‌ನ ಮದ್ರಾಸ್ ಪ್ರಾಂತ್ಯದ ಸಸ್ಯಕೋಶವೇ ಹಳೆಯ ಆಧಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ ಕರ್ನಾಟಕದ ಸಸ್ಯಗಳನ್ನು ಅಂತರ್ಜಾಲದಲ್ಲಿಟ್ಟಿದೆ. ನಿಮ್ಮ ಹಾಳೆಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ.

13. ಹಾಳೆಯ ಚೀಟಿ ಪೂರ್ತಿ ಬರೆಯಿರಿ. ಊರು, ತಾರೀಕು, ಮಣ್ಣು, ಹತ್ತಿರದ ಬೆಳೆ. ಬರೇ ‘ಬಳ್ಳಾರಿ ಜಿಲ್ಲೆ’ ಎಂದರೆ ಸಾಲದು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕು ತಾಲ್ಲೂಕುಗಳ ಜೊತೆ ವಿಜಯನಗರ ಜಿಲ್ಲೆಗೆ ಬಂತು. ಹಳ್ಳಿಯ ಹೆಸರಿದ್ದರೆ ಮಾತ್ರ ಮುಂದಿನವರು ಅದೇ ಬದುವಿಗೆ ಹೋಗಿ ಹುಡುಕಬಲ್ಲರು.

14. ಬಿರುಸು ರೋಮದ ಹಿರ್ಟಸ್ ಗಿಡ ಸಿಕ್ಕರೆ ಕೂಡಲೇ ಮೂರು ಫೋಟೊ ತೆಗೆಯಿರಿ: ಕಾಂಡ, ಹೂತೆನೆ, ಕಾಯಿ. ಒಂದು ಗಿಡ ಒತ್ತಿ ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಕೊಡಿ. ಉಳಿದವನ್ನು ಕಾಯಿ ಸಿಡಿಯುವ ಮೊದಲೇ ಬೇರುಸಹಿತ ಕಿತ್ತು ಹಾಕಲು ಹೊಲದವರಿಗೆ ಹೇಳಿ.