ಪದ ಪರಿಚಯ: ಫೋಟೋಗ್ರಾಫ್ ಮತ್ತು ಸ್ನ್ಯಾಪ್‌ಶಾಟ್



ಈ ಸಲ ಎರಡು ಇಂಗ್ಲಿಷ್ ಪದಗಳನ್ನು ತಂದಿದ್ದೇನೆ. ಎರಡಕ್ಕೂ ನಾವು ‘ಫೋಟೋ’ ಅಂತೀವಿ. ಆದರೆ ಎರಡೂ ಒಂದೇ ಅಲ್ಲ.

ಗ್ರೀಕ್ ಭಾಷೆಯಲ್ಲಿ ಫೋಟೋ ಎಂದರೆ ಬೆಳಕು, ಗ್ರಾಫ್ ಎಂದರೆ ಬರಹ. ಫೋಟೋಗ್ರಾಫ್ ಎಂದರೆ ಬೆಳಕಿನ ಬರಹ. 1839ರಲ್ಲಿ ಜಾನ್ ಹರ್ಷೆಲ್ ಎಂಬ ವಿಜ್ಞಾನಿ ಈ ಪದವನ್ನು ಬಳಕೆಗೆ ತಂದರು. ನಾವು ಕನ್ನಡದಲ್ಲಿ ಛಾಯಾಚಿತ್ರ ಎನ್ನುತ್ತೇವೆ, ಅಂದರೆ ನೆರಳಿನ ಚಿತ್ರ. ಅವರು ಬೆಳಕು ಅಂದ್ರು, ನಾವು ನೆರಳು ಅಂದಿವಿ! ನನಗೆ ನಮ್ಮದೇ ಸರಿ ಅನಿಸುತ್ತದೆ. ಬರೀ ಬೆಳಕೇ ಇದ್ದರೆ ಮುಖ ಕಾಣೋದು ಹ್ಯಾಂಗ?

ನಮ್ಮ ಗದಗ, ಲಕ್ಕುಂಡಿಯ ಗುಡಿಗಳ ಫೋಟೋಗಳು 1866ರಲ್ಲೇ ಲಂಡನ್ನಿನ ಒಂದು ದೊಡ್ಡ ಪುಸ್ತಕದಲ್ಲಿ ಅಚ್ಚಾಗಿವೆ. ತೆಗೆದವರು ಡಾ. ಪಿಗೌ, ನೀಲ್ ಮತ್ತು ಕರ್ನಲ್ ಬಿಗ್ಸ್. ಆಗಿನ ಕ್ಯಾಮೆರಾಕ್ಕೆ ಮೂರು ಕಾಲಿನ ಸ್ಟ್ಯಾಂಡು ಬೇಕು, ಮುಚ್ಚಳ ತೆಗೆದು ಬಹಳ ಹೊತ್ತು ಕಾಯಬೇಕು. ಗುಡಿ ಅಲ್ಲಾಡುವುದಿಲ್ಲ, ಆದ್ದರಿಂದ ಚೆನ್ನಾಗಿ ಬಂದಿತು. ಅಲ್ಲಾಡಿದ ಮನುಷ್ಯ ಹೊಗೆಯಂತೆ ಬರುತ್ತಿದ್ದ.

ಈಗ ಸ್ನ್ಯಾಪ್‌ಶಾಟ್. ಇದು ಬೇಟೆಗಾರರ ಮಾತು. ಹಕ್ಕಿ ಪುರ್ ಅಂತ ಹಾರಿದಾಗ ಸರಿಯಾಗಿ ಗುರಿ ಹಿಡಿಯದೆ ಗಡಬಡಿಸಿ ಹೊಡೆದ ಗುಂಡು. 1860ರಲ್ಲಿ ಅದೇ ಹರ್ಷೆಲ್ ಈ ಪದವನ್ನು ಕ್ಯಾಮೆರಾಕ್ಕೆ ಹಚ್ಚಿದರು. 1888ರಲ್ಲಿ ಕೈಯಲ್ಲಿ ಹಿಡಿಯುವ ಕೊಡಕ್ ಕ್ಯಾಮೆರಾ ಬಂತು, ಒಂದು ಸುರುಳಿಗೆ 100 ಚಿತ್ರ. ಆಮೇಲೆ ಎಲ್ಲರೂ ಸ್ನ್ಯಾಪ್ ತೆಗೆಯತೊಡಗಿದರು. ನಮ್ಮ ಕಡೆ ‘ಫೋಟೋ ಹೊಡಿ’ ಅಂತಾರಲ್ಲ, ಗುಂಡು ಹೊಡಿ ಅಂದ ಹಾಗೆ! ಇಂಗ್ಲಿಷ್ ಬಾರದವರೂ ಆ ಅರ್ಥವನ್ನೇ ಹಿಡಿದಿದ್ದಾರೆ.

ಬಳಸುವಾಗ ಎಚ್ಚರ. ಇಂಗ್ಲಿಷಿನಲ್ಲಿ ಫೋಟೋ ‘ಟೇಕ್’ ಮಾಡಬೇಕು, ‘ಬೀಟ್’ ಮಾಡಬಾರದು. ನಾನು ಪರೀಕ್ಷೆಯಲ್ಲಿ ಬೀಟ್ ಬರೆದು ಒಂದು ಅಂಕ ಕಳಕೊಂಡೆ. ಬಹುವಚನಕ್ಕೆ ಬರೀ ‘ಎಸ್’ ಸಾಕು, ಟೊಮ್ಯಾಟೋದ ಹಾಗೆ ‘ಇಎಸ್’ ಬೇಡ. ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲ ‘ಫೋ’ ಮೇಲೆ. ಫೋಟೋಗ್ರಾಫರ್ ಅನ್ನುವಾಗ ಅದು ‘ಟೋ’ ಮೇಲೆ ಜಾರುತ್ತದೆ. ಬಾಯಿ ಬಿಟ್ಟು ಹೇಳಿ ನೋಡಿರಿ.

ನಾನು ಇದನ್ನೆಲ್ಲ ಯಾಕೆ ಹುಡುಕಿದೆ ಅಂದರೆ, ನಮ್ಮ ಅಜ್ಜಿ ಹೋದ ವರ್ಷ ತೀರಿಕೊಂಡಳು. ಬೆಟಗೇರಿಯಲ್ಲಿ ಮಗ್ಗದ ಮನೆಯಾಕಿ. ಗೋಡೆಗೆ ಹಾಕಲು ಆಕೆಯದೊಂದು ಫೋಟೋ ಇರಲಿಲ್ಲ. ‘ಸ್ಟುಡಿಯೋಕ್ಕ ಹೋಗೂಣು’ ಅಂದಾಗೆಲ್ಲ ‘ಈ ಸೀರಿ ಇಳಿಸಿ ಬರ್ತೀನಿ ತಡಿ’ ಅನ್ನುತ್ತಿದ್ದಳು. ಕೊನೆಗೆ ತೋಂಟದಾರ್ಯ ಜಾತ್ರೆಯಲ್ಲಿ ಮಾವ ಹೊಡೆದ ಒಂದು ಚಿತ್ರ ಸಿಕ್ಕಿತು. ಮುಂದೆ ನಾನು ಮಿಠಾಯಿ ಹಿಡಿದು ನಿಂತೀನಿ. ಹಿಂದೆ ಅಜ್ಜಿ, ಅರ್ಧ ಮುಖ, ಯಾರನ್ನೋ ಕರೀತಿದ್ದಾಳೆ, ಕೈ ಅಲ್ಲಾಡಿ ಹೊಗೆಯಾಗಿದೆ. ಅಂಗಡಿಯವರು ನನ್ನನ್ನು ಕತ್ತರಿಸಿ ಅಜ್ಜಿಯನ್ನು ದೊಡ್ಡದು ಮಾಡಿಕೊಟ್ಟರು.

ಅಜ್ಜಿಯ ಫೋಟೋಗ್ರಾಫ್ ನಮ್ಮಲ್ಲಿಲ್ಲ. ಒಂದು ಸ್ನ್ಯಾಪ್ ಇದೆ. ಆಕೆ ಕರೆದದ್ದು ನನ್ನನ್ನೇ ಅಂತ ಅವ್ವ ಹೇಳುತ್ತಾಳೆ.